ಜರ್ಮನರೂ ಇಂಗ್ಲಿಷಿನ ಪದಕ್ರಮವೂ

ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ನೆಲಸಿದ ಜರ್ಮನ್ ಬೇಸಾಯಗಾರರನ್ನು ಕುರಿತು ಅವರ ನೆರೆಯ ಇಂಗ್ಲಿಷ್ ಜನರು ಹೇಳಿಕೊಂಡು ನಗುವ ಹಳೆಯ ವಿನೋದವೊಂದುಂಟು. ತಂದೆಯು ಮೆಟ್ಟಿಲ ಕೆಳಗೆ ನಿಂತಿರುವನು. ಅವನ ಟೋಪಿ ಮಹಡಿಯಲ್ಲಿಯೇ ಉಳಿದಿರುವುದು. ಅದನ್ನು ಕೆಳಕ್ಕೆ ಎಸೆಯಿರೆಂದು ಮೇಲಿರುವವರಿಗೆ ಹೇಳಬೇಕಾದ ಮಗನು, "ಥ್ರೋ ಫಾದರ್ ಡೌನ್ ದಿ ಸ್ಟೇರ್ಸ್ ಹಿಸ್ ಹ್ಯಾಟ್" ಎಂದುಬಿಡುವನು. ಕೇಳುವ ಆಂಗ್ಲನ ಕಿವಿಗೆ, ಟೋಪಿಯ ಮಾತು ಬರುವುದರೊಳಗಾಗಿಯೇ, ತಂದೆಯನ್ನು ಮೆಟ್ಟಿಲಿಂದ ಕೆಳಕ್ಕೆ ನೂಕಿದಂತಾಗುವುದು. ಹೇಳಿದವನ ಮನಸ್ಸಿನಲ್ಲಿದ್ದುದು 'ತಂದೆಗೆ' ಎಂಬ ಚತುರ್ಥೀ ವಿಭಕ್ತಿ. ಜರ್ಮನಿನಲ್ಲಿ 'ದೇಮ್ ಫಾಟರ್' ಎಂದೊಡನೆ ಆ ವಿಭಕ್ತಿಯು ಸ್ಪಷ್ಟವಾಗುವುದು. ಇಂಗ್ಲಿಷಿನ 'ಫಾದರ್' ಎಂಬ ಬರಿಯ ಪದದಲ್ಲಿಯಾದರೋ 'ಗೆ' ಎಂಬುದೂ ಇಲ್ಲ, 'ಅನ್ನು' ಎಂಬುದೂ ಇಲ್ಲ.

ಈ ವಿನೋದದಲ್ಲಿ ನಗುವವರ ಕಣ್ಣಿಗೆ ಬೀಳದ ಒಂದು ಸಂಗತಿಯುಂಟು. ಆ ವಾಕ್ಯವನ್ನಾಡಿದವನು ವ್ಯಾಕರಣವನ್ನರಿಯದವನಲ್ಲ. ತನ್ನ ತಾಯಿನುಡಿಯ ವ್ಯಾಕರಣವನ್ನು ಚಾಚೂ ತಪ್ಪದೆ ಅನುಸರಿಸಿದವನು. ಇಂಗ್ಲಿಷನ್ನು ಕಲಿಯುವ ಜರ್ಮನರು ಪದಗಳನ್ನು ಇರಿಸುವ ಕ್ರಮದಲ್ಲಿ ಏಕೆ ಎಡವುವರು, ಎಲ್ಲಿ ಎಡವುವರು, ಎಡವಿದುದಕ್ಕಾಗಿ ಅವರು ತೆತ್ತ ಬೆಲೆ ಏನು ಎಂಬುದನ್ನು ವಿಚಾರಿಸಿದರೆ, ಎರಡು ಭಾಷೆಗಳ ಸುಮಾರು ಒಂದೂವರೆ ಸಾವಿರ ವರ್ಷಗಳ ಚರಿತ್ರೆಯೇ ಎದುರಿಗೆ ಬರುವುದು.

ಇಂಗ್ಲಿಷೂ ಜರ್ಮನೂ ಒಂದೇ ಮನೆತನದ ನುಡಿಗಳು. ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಆಂಗ್ಲ, ಸ್ಯಾಕ್ಸನ್, ಜೂಟ್ ಎಂಬ ಬಣಗಳ ಜನರು ಉತ್ತರ ಜರ್ಮನಿ ಮತ್ತು ಡೆನ್ಮಾರ್ಕಿನ ಕರಾವಳಿಯಿಂದ ಹಡಗುಗಳನ್ನೇರಿ ಬ್ರಿಟನ್ ದ್ವೀಪಕ್ಕೆ ಬಂದು ನೆಲಸಿದರು. ಅವರು ತಂದ ನುಡಿಯೇ ಮುಂದೆ ಇಂಗ್ಲಿಷಾಯಿತು. ಈ ನಂಟಿನ ಗುರುತು ಇಂದಿಗೂ ಮನೆಬಳಕೆಯ ಮಾತುಗಳಲ್ಲಿ ಕಾಣುವುದು. ಇಂಗ್ಲಿಷರ 'ಫಾದರ್' ಜರ್ಮನರಿಗೆ 'ಫಾಟರ್', 'ವಾಟರ್' ಎಂಬುದು 'ವಾಸರ್', 'ಬುಕ್' ಎಂಬುದು 'ಬೂಖ್'. 'ಹೌಸ್' ಎಂಬುದಂತೂ ಎರಡರಲ್ಲಿಯೂ ಹೆಚ್ಚು ಕಡಿಮೆ ಒಂದೇ ಉಚ್ಚಾರ. ಆದಕಾರಣ ಪದಗಳನ್ನು ಕಲಿಯುವುದು ಜರ್ಮನ್ ವಿದ್ಯಾರ್ಥಿಗೆ ಅಷ್ಟೊಂದು ಶ್ರಮವಲ್ಲ. ಶ್ರಮವಿರುವುದು ಆ ಪದಗಳನ್ನು ವಾಕ್ಯದಲ್ಲಿ ಜೋಡಿಸುವಲ್ಲಿ.

ಇದರ ಮರ್ಮವನ್ನು ಕನ್ನಡಿಗರು ಬೇಗನೆ ಗ್ರಹಿಸಬಲ್ಲರು. 'ನಾಯಿಯು ಮನುಷ್ಯನನ್ನು ಕಚ್ಚಿತು' ಎಂದರೂ 'ಮನುಷ್ಯನನ್ನು ನಾಯಿಯು ಕಚ್ಚಿತು' ಎಂದರೂ ಕಚ್ಚಿದವರು ಯಾರು, ಕಚ್ಚಿಸಿಕೊಂಡವರು ಯಾರು ಎಂಬುದರಲ್ಲಿ ಸಂದೇಹವಿಲ್ಲ. ವಿಭಕ್ತಿ ಪ್ರತ್ಯಯವು ಆ ಹೊಣೆಯನ್ನು ಹೊತ್ತಿರುವುದರಿಂದ ಪದವು ತನಗೆ ಬೇಕಾದ ಕಡೆಯಲ್ಲಿ ನಿಲ್ಲಬಹುದು. ಸಂಸ್ಕೃತ ಶ್ಲೋಕದಲ್ಲಿ ಚದುರಿದ ಪದಗಳನ್ನು ಅನ್ವಯಿಸಿ ಅರ್ಥ ಹೇಳುವ ಪದ್ಧತಿಗೂ ಇದೇ ಆಧಾರ. ಜರ್ಮನಿನಲ್ಲಿ ಈ ಹೊಣೆಯನ್ನು ಬಹುಮಟ್ಟಿಗೆ ನಾಮಪದದ ಹಿಂದೆ ಬರುವ ಉಪಪದವು ಹೊರುವುದು. 'ದೇರ್ ಹುಂಟ್' ಎಂದರೆ ನಾಯಿಯು; 'ದೇನ್ ಮಾನ್' ಎಂದರೆ ಮನುಷ್ಯನನ್ನು. 'ದೇನ್ ಮಾನ್ ಬೈಸ್ಟ್ ದೇರ್ ಹುಂಟ್' ಎಂದು ಕರ್ಮವನ್ನು ಮೊದಲಿಗೆ ತಂದರೂ ಕಚ್ಚುವುದು ನಾಯಿಯೇ. ಇದನ್ನೇ ಪದಕ್ಕೆ ಪದವಿಟ್ಟು 'ದಿ ಮ್ಯಾನ್ ಬೈಟ್ಸ್ ದಿ ಡಾಗ್' ಎಂದು ಇಂಗ್ಲಿಷಿಗೆ ತಂದರೆ ಮನುಷ್ಯನೇ ನಾಯಿಯನ್ನು ಕಚ್ಚಿದಂತಾಯಿತು. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಮೊದಲಿರುವುದೇ ಕರ್ತೃ, ಅನಂತರ ಬರುವುದೇ ಕರ್ಮ. ಒಂದು ಭಾಷೆಯಲ್ಲಿ ಪ್ರತ್ಯಯವು ಮಾಡುವ ಕೆಲಸವನ್ನು ಇನ್ನೊಂದರಲ್ಲಿ ಸ್ಥಾನವು ಮಾಡುತ್ತಿರುವುದು.

ಹಾಗಾದರೆ ಜರ್ಮನಿನಲ್ಲಿ ಸ್ಥಾನಕ್ಕೆ ಬೆಲೆಯಿಲ್ಲವೆಂದು ಯಾರೂ ಭಾವಿಸಬಾರದು. ಅಲ್ಲಿ ಕ್ರಿಯಾಪದದ ಸ್ಥಾನಕ್ಕೆ ಮೂರು ಕಟ್ಟಳೆಗಳುಂಟು. ಪ್ರಧಾನವಾಕ್ಯದಲ್ಲಿ ಮೊದಲ ಸ್ಥಾನಕ್ಕೆ ಯಾವುದು ಬಂದರೂ ಎರಡನೆಯ ಸ್ಥಾನವು ಕ್ರಿಯಾಪದಕ್ಕೆ ಮೀಸಲು, ಇದು ಮೊದಲನೆಯದು. 'ನಿನ್ನೆ' ಎಂದು ಆರಂಭಿಸಿದರೆ 'ಗೆಸ್ಟರ್ನ್ ಕೌಫ್ಟೆ ಇಖ್ ಐನ್ ಬೂಖ್' ಎನ್ನಬೇಕು, ಎಂದರೆ 'ನಿನ್ನೆ ಕೊಂಡೆನು ನಾನು ಒಂದು ಪುಸ್ತಕವನ್ನು'. ಸಹಾಯಕ ಕ್ರಿಯಾಪದವು ಎರಡನೆಯ ಸ್ಥಾನದಲ್ಲಿ ನಿಂತಾಗ ಅದರ ಜೊತೆಯ ಕೃದಂತವು ವಾಕ್ಯದ ಕೊನೆಗೆ ಹೋಗುವುದು ಎರಡನೆಯದು. ನಡುವಿನ ಮಾತೆಲ್ಲವೂ ಎರಡು ಕಂಬಗಳ ನಡುವೆ ಕಟ್ಟಿದ ತೋರಣದಂತೆ ನಿಲ್ಲುವುದು. 'ಆದುದರಿಂದ', 'ಯಾವಾಗ' ಮೊದಲಾದ ಸಂಬಂಧವನ್ನು ತೋರುವ ಉಪವಾಕ್ಯದಲ್ಲಿ ಕ್ರಿಯಾಪದವು ಕಟ್ಟಕಡೆಗೆ ಬರುವುದು ಮೂರನೆಯದು. ಈ ಮೂರನೆಯ ಕ್ರಮವು ಕನ್ನಡದ ಕಿವಿಗೆ ಹೊಸದಲ್ಲ.

ಈ ಮೂರು ಕಟ್ಟಳೆಗಳಿಂದಲೇ ಮೂರು ಬಗೆಯ ತಪ್ಪುಗಳು ಹುಟ್ಟುವುವು. ಹೊಸ ವಿದ್ಯಾರ್ಥಿಯು 'ಯೆಸ್ಟರ್‌ಡೇ ಬಾಟ್ ಐ ಎ ಬುಕ್' ಎನ್ನುವನು. 'ಐ ಹ್ಯಾವ್ ಎ ಬುಕ್ ರೆಡ್' ಎನ್ನುವನು. 'ಬಿಕಾಸ್ ಹೀ ಸಿಕ್ ಈಸ್' ಎನ್ನುವನು. ಇವುಗಳ ಜೊತೆಗೆ ಇನ್ನೆರಡು ಸಣ್ಣ ತೊಡಕುಗಳುಂಟು. ಕಾಲವನ್ನು ಮೊದಲು ಹೇಳಿ ದೇಶವನ್ನು ಅನಂತರ ಹೇಳುವುದು ಜರ್ಮನರ ವಾಡಿಕೆಯಾದುದರಿಂದ 'ಐ ಗೋ ಟುಡೇ ಟು ಲಂಡನ್' ಎಂಬುದು ಅವರ ಬಾಯಿಗೆ ಸಹಜ. ಕ್ರಿಯಾವಿಶೇಷಣವನ್ನು ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಇಡುವುದೂ ಅಲ್ಲಿ ಸಾಧು. ಅದರಿಂದ 'ಐ ಸ್ಪೀಕ್ ವೆಲ್ ಇಂಗ್ಲಿಷ್' ಎಂದು ಹೇಳಿ, ಇಂಗ್ಲಿಷು ಚೆನ್ನಾಗಿ ಬರುವುದೆಂದು ಹೇಳಹೊರಟ ಆ ವಾಕ್ಯದಲ್ಲಿಯೇ ಅದು ಚೆನ್ನಾಗಿ ಬಾರದೆಂದು ತೋರಿಸಿಕೊಡುವರು.

ಕೆಲವೆಡೆ ತಪ್ಪು ತಪ್ಪಾಗಿಯೂ ಕಾಣದೆ ಅರ್ಥವನ್ನೇ ಬದಲಿಸಿಬಿಡುವುದುಂಟು. 'ಐ ಹ್ಯಾಡ್ ಬಿಲ್ಟ್ ಎ ಹೌಸ್' ಎಂದರೆ ಮನೆಯನ್ನು ಕಟ್ಟಿದ್ದೆನು ಎಂದು ಅರ್ಥ. 'ಐ ಹ್ಯಾಡ್ ಎ ಹೌಸ್ ಬಿಲ್ಟ್' ಎಂದರೆ ಬೇರೆಯವರಿಂದ ಮನೆಯನ್ನು ಕಟ್ಟಿಸಿದೆನು ಎಂದು ಅರ್ಥ. ಜರ್ಮನ್ ಬಡಗಿಯೊಬ್ಬನು ತನ್ನ ಕೈಯಿಂದಲೇ ಕಟ್ಟಿದ ಮನೆಯನ್ನು ಕುರಿತು ತನ್ನ ನುಡಿಯ ಕ್ರಮದಂತೆ ಎರಡನೆಯ ವಾಕ್ಯವನ್ನಾಡಿದರೆ, ಕೇಳುವವರು ಅವನನ್ನು ಕೂಲಿಯವರಿಂದ ಕೆಲಸ ಮಾಡಿಸಿದ ಯಜಮಾನನೆಂದು ತಿಳಿಯುವರು. ಅವನನ್ನು ತಿದ್ದುವುದಕ್ಕೂ ಯಾರಿಗೂ ತೋರದು. ಏಕೆಂದರೆ ವಾಕ್ಯವು ಶುದ್ಧವಾಗಿಯೇ ಇರುವುದು.

ಒಂದೇ ಮನೆತನದ ನುಡಿಗಳು ಹೀಗೆ ಬೇರೆಯಾದುದು ಹೇಗೆ? ಬೇರೆ ದಾರಿ ಹಿಡಿದುದು ಮುಖ್ಯವಾಗಿ ಇಂಗ್ಲಿಷೇ. ೮೭೧ ರಿಂದ ೮೯೯ ರವರೆಗೆ ಆಳಿದ ಆಲ್ಫ್ರೆಡ್ ದೊರೆಯ ಕಾಲದ ಗದ್ಯವನ್ನು ನೋಡಿದರೆ, ಪ್ರಧಾನವಾಕ್ಯದಲ್ಲಿ ಕ್ರಿಯಾಪದವು ಅನೇಕ ವೇಳೆ ಎರಡನೆಯ ಸ್ಥಾನದಲ್ಲಿಯೂ ಉಪವಾಕ್ಯದಲ್ಲಿ ಅನೇಕ ವೇಳೆ ಕೊನೆಯಲ್ಲಿಯೂ ಇರುವುದು ಕಂಡುಬರುವುದು. ನಾಮಪದಗಳಿಗೂ ಉಪಪದಗಳಿಗೂ ಆಗ ವಿಭಕ್ತಿಗಳಿದ್ದುವು. ಕಾಲಕ್ರಮದಲ್ಲಿ ಶಬ್ದದ ಆದಿಗೆ ಬೀಳುವ ಒತ್ತಿನಿಂದ ಕಡೆಯ ಅಕ್ಷರಗಳು ಸವೆದುವು. ಒಂಬತ್ತನೆಯ ಶತಮಾನದಲ್ಲಿ ದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಬಂದು ನೆಲಸಿದ ಡೆನ್ಮಾರ್ಕು, ನಾರ್ವೆಗಳ ಜನರ ನುಡಿಗೂ ಇಂಗ್ಲಿಷಿಗೂ ಶಬ್ದಗಳ ಧಾತು ಒಂದೇ ಆಗಿದ್ದು ಪ್ರತ್ಯಯಗಳು ಬೇರೆಯಾಗಿದ್ದುವು. ಇಬ್ಬರೂ ಕೂಡಿ ಬಾಳುವಲ್ಲಿ ಪ್ರತ್ಯಯಗಳು ಇನ್ನಷ್ಟು ಸಡಿಲವಾದುವೆಂದು ವಿದ್ವಾಂಸರಲ್ಲಿ ಅನೇಕರು ಅಭಿಪ್ರಾಯಪಡುವರು. ೧೦೬೬ ರಲ್ಲಿ ನಾರ್ಮನರು ದೇಶವನ್ನು ಗೆದ್ದಮೇಲೆ ಆಸ್ಥಾನಕ್ಕೆ ಫ್ರೆಂಚೂ ಧರ್ಮ ವಿದ್ಯೆಗಳಿಗೆ ಲ್ಯಾಟಿನ್ನೂ ಸಲ್ಲಲಾಗಿ, ಇಂಗ್ಲಿಷನ್ನು ಹಳೆಯ ಬರವಣಿಗೆಯ ಕಟ್ಟಿನಲ್ಲಿ ಹಿಡಿದಿಡುವ ಪಂಡಿತವರ್ಗವು ಬಹಳ ಮಟ್ಟಿಗೆ ಇಲ್ಲವಾಯಿತು. ಪ್ರತ್ಯಯಗಳು ಉದುರಿಹೋದಂತೆಲ್ಲ ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮವು ಗಟ್ಟಿಯಾಗುತ್ತ ಬಂದಿತು. ಕ್ರಿಯಾಪದವನ್ನು ಎರಡನೆಯ ಸ್ಥಾನದಲ್ಲಿ ಇಡುವ ಪದ್ಧತಿಯು ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಕುಗ್ಗಿತು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಪ್ರಶ್ನೆಗೂ ನಿಷೇಧಕ್ಕೂ 'ಡೂ' ಎಂಬ ಸಹಾಯಕ ಪದವು ರೂಢಿಗೆ ಬಂದಿತು.

ಜರ್ಮನಿಯಲ್ಲಿ ನಡೆದುದು ಬೇರೆ ಬಗೆ. ಅಲ್ಲಿ ವಿಭಕ್ತಿಗಳು ಪೂರ್ತಿಯಾಗಿ ಅಳಿಯದೆ ಉಪಪದಗಳನ್ನು ಆಶ್ರಯಿಸಿ ಉಳಿದುವು. ಮಾರ್ಟಿನ್ ಲೂಥರನು ೧೫೩೪ ರಲ್ಲಿ ಮುಗಿಸಿದ ಬೈಬಲ್ಲಿನ ಭಾಷಾಂತರದಲ್ಲಿ ವಾಕ್ಯದ ಕೊನೆಯ ಕಂಬವು ಎಲ್ಲ ಕಡೆಯಲ್ಲಿಯೂ ಕೊನೆಗೇ ನೆಟ್ಟಿರುವುದಿಲ್ಲ. ಅನಂತರದ ಎರಡು ಶತಮಾನಗಳಲ್ಲಿ ಅರಮನೆಯ ಕಚೇರಿಗಳ ಬರವಣಿಗೆಯೂ ಪಂಡಿತರ ಗದ್ಯವೂ ವ್ಯಾಕರಣಕಾರರ ವಿಧಿಗಳೂ ಸೇರಿ ಅದನ್ನು ಅಲುಗದಂತೆ ನೆಟ್ಟುವು. ಹೀಗೆ ಇಂಗ್ಲಿಷು ಹಳೆಯ ಕ್ರಮವನ್ನು ಕಳಚುತ್ತಿದ್ದ ಶತಮಾನಗಳಲ್ಲಿಯೇ ಜರ್ಮನು ಅದನ್ನು ಬಿಗಿಗೊಳಿಸುತ್ತಿದ್ದಿತು. 'ಬಿಕಾಸ್ ಹೀ ಸಿಕ್ ಈಸ್' ಎನ್ನುವ ಜರ್ಮನ್ ಬಾಲಕನು ಪದಗಳನ್ನು ಇಂದಿನ ಇಂಗ್ಲಿಷಿನಿಂದ ತೆಗೆದುಕೊಂಡು, ಆಲ್ಫ್ರೆಡ್ ದೊರೆಯ ಪ್ರಜೆಗಳಿಗೆ ವಿಚಿತ್ರವಾಗಿ ಕೇಳಿಸದಿದ್ದ ಕ್ರಮದಲ್ಲಿ ಅವುಗಳನ್ನು ಇರಿಸುತ್ತಿರುವನು.

ಬೇರೆಯಾದ ಈ ಎರಡು ನುಡಿಗಳನ್ನು ಒಂದೇ ಕಿರೀಟದ ಕೆಳಗೆ ತಂದುದು ೧೭೧೪ ನೆಯ ವರ್ಷ. ಆ ವರ್ಷ ಹ್ಯಾನೋವರಿನ ಎಲೆಕ್ಟರನು ಒಂದನೆಯ ಜಾರ್ಜ್ ಎಂಬ ಹೆಸರಿನಿಂದ ಬ್ರಿಟನ್ನಿನ ಸಿಂಹಾಸನವನ್ನೇರಿದನು. ಐವತ್ತನ್ನು ದಾಟಿದ ವಯಸ್ಸಿನ ಅವನಿಗೆ ಇಂಗ್ಲಿಷು ಅಷ್ಟಾಗಿ ಬಾರದು. ಮಂತ್ರಿಗಳೊಡನೆ ಅವನ ವ್ಯವಹಾರವು ಹೆಚ್ಚಾಗಿ ಫ್ರೆಂಚಿನಲ್ಲಿ ನಡೆಯುತ್ತಿದ್ದಿತು. ೧೮೩೭ ರವರೆಗೆ ಉಳಿದ ಈ ನಂಟಿನಿಂದಲೂ, ಆಂಗ್ಲ ಸಾಹಿತ್ಯ ವಾಣಿಜ್ಯಗಳ ಕೀರ್ತಿಯಿಂದಲೂ, ಜರ್ಮನಿಯಲ್ಲಿ ಇಂಗ್ಲಿಷನ್ನು ಕಲಿಯುವ ಆಸೆಯು ಹೆಚ್ಚಿತು. ೧೭೯೩ ರಲ್ಲಿ ಯೋಹಾನ್ ಕ್ರಿಶ್ಚಿಯನ್ ಫಿಕ್ ಎಂಬಾತನು ಎರ್ಲಾಂಗೆನ್ ಪಟ್ಟಣದಲ್ಲಿ ಜರ್ಮನರಿಗಾಗಿ ಒಂದು ಇಂಗ್ಲಿಷ್ ಪಾಠಪುಸ್ತಕವನ್ನು ಪ್ರಕಟಿಸಿದನು. ಮೊದಲು ನಿಯಮ, ಆಮೇಲೆ ಭಾಷಾಂತರ ಮಾಡಬೇಕಾದ ವಾಕ್ಯಗಳು, ಇದು ಅದರ ಕ್ರಮ. ಮುಂದೆ ನೂರು ವರ್ಷಗಳ ಕಾಲ ಯುರೋಪಿನ ಶಾಲೆಗಳಲ್ಲಿ ಹಬ್ಬಿದ ಭಾಷಾಂತರ ಪದ್ಧತಿಯು ಇಂಗ್ಲಿಷಿನ ಮಟ್ಟಿಗೆ ಮೊದಲು ರೂಪುಗೊಂಡುದು ಇಂತಹ ಪುಸ್ತಕದಲ್ಲಿ. ಪದಕ್ರಮದ ವಿಷಯದಲ್ಲಿ ಈ ಪದ್ಧತಿಗೆ ಒಂದು ದೊಡ್ಡ ಕೊರತೆಯಿದ್ದಿತು. ವಿದ್ಯಾರ್ಥಿಯು ಪ್ರತಿಯೊಂದು ವಾಕ್ಯವನ್ನೂ ಜರ್ಮನಿನಲ್ಲಿ ಕಟ್ಟಿಕೊಂಡೇ ಇಂಗ್ಲಿಷಿಗೆ ಸಾಗಿಸುತ್ತಿದ್ದುದರಿಂದ, ಯಾವ ಚೌಕಟ್ಟನ್ನು ಮರೆಯಬೇಕೋ ಅದನ್ನೇ ದಿನವೂ ಅಭ್ಯಾಸ ಮಾಡಿದಂತಾಗುತ್ತಿದ್ದಿತು.

ಇದರ ವಿರುದ್ಧ ಕೂಗೆದ್ದುದೂ ಜರ್ಮನಿಯಿಂದಲೇ. ೧೮೮೨ ರಲ್ಲಿ ವಿಲ್ಹೆಲ್ಮ್ ಫೀಟರ್ ಎಂಬ ಪಂಡಿತನು, ಭಾಷಾಬೋಧನೆಯು ಹಿಡಿದ ದಾರಿಯನ್ನು ಬಿಟ್ಟು ಹಿಂದಿರುಗಬೇಕೆಂದು ಗುಪ್ತನಾಮದಿಂದ ಒಂದು ಕಿರುಹೊತ್ತಗೆಯನ್ನು ಹೊರಡಿಸಿದನು. ಆಡುನುಡಿಗೆ ಮೊದಲ ಸ್ಥಾನ ಸಲ್ಲಬೇಕು, ಬಿಡಿ ಪದಗಳ ಬದಲು ಹೊಂದಿಕೆಯುಳ್ಳ ಪಾಠವನ್ನು ಓದಿಸಬೇಕು ಎಂಬುದು ಅವನ ಮತ್ತು ಅವನ ಪಕ್ಷದವರ ವಾದ. ಅದಕ್ಕೆ ಸ್ವಲ್ಪ ಮುಂಚೆ, ೧೮೭೮ ರಲ್ಲಿ, ಜರ್ಮನ್ ಮೂಲದ ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್ ಎಂಬಾತನು ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ತೆರೆದ ಶಾಲೆಯಿಂದ, ತಾಯಿನುಡಿಯ ನೆರವಿಲ್ಲದೆ ಹೊಸ ಭಾಷೆಯನ್ನು ಆ ಭಾಷೆಯಲ್ಲಿಯೇ ಕಲಿಸುವ ಪದ್ಧತಿಯು ಪ್ರಸಿದ್ಧಿಗೆ ಬಂದಿದ್ದಿತು. ಜರ್ಮನನ್ನು ಕಲಿಯಹೊರಟ ಅಮೆರಿಕದ ಮಾರ್ಕ್ ಟ್ವೈನನು ಆ ಭಾಷೆಯ ಕ್ರಿಯಾಪದವು ಬರುವ ತನಕ ಕಾಯಬೇಕಾದ ಸಂಕಟವನ್ನು ೧೮೮೦ ರಲ್ಲಿ ಒಂದು ಹಾಸ್ಯಪ್ರಬಂಧವಾಗಿ ಬರೆದು ಲೋಕವನ್ನು ನಗಿಸಿದನು. ಕಾಯುವವನ ಸಂಕಟಕ್ಕೆ ಹೀಗೆ ಹೆಸರಾಂತ ಹಾಸ್ಯಗಾರನೊಬ್ಬನು ದೊರಕಿದನು. ಕಾಯದೆ ಹೇಳಿಬಿಡಬೇಕಾದ ಜರ್ಮನನ ಸಂಕಟವು ನೆರೆಯವರ ನಗೆಗೆ ವಸ್ತುವಾಗಿಯೇ ಉಳಿಯಿತು.

ಈ ತೊಡಕನ್ನು ದಾಟಿ ಇಂಗ್ಲಿಷಿನಲ್ಲಿ ಕೀರ್ತಿ ಪಡೆದ ಜರ್ಮನರು ಇಲ್ಲದಿಲ್ಲ. ದೆಸ್ಸೌ ಪಟ್ಟಣದಲ್ಲಿ ೧೮೨೩ ರಲ್ಲಿ ಹುಟ್ಟಿದ ಮ್ಯಾಕ್ಸ್ ಮುಲ್ಲರನು ಋಗ್ವೇದದ ಮುದ್ರಣಕ್ಕಾಗಿ ೧೮೪೬ ರಲ್ಲಿ ಇಂಗ್ಲೆಂಡಿಗೆ ಬಂದವನು. ಹದಿನೈದು ವರ್ಷಗಳ ಮೇಲೆ, ೧೮೬೧ ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಭಾಷಾಶಾಸ್ತ್ರವನ್ನು ಕುರಿತು ಆಂಗ್ಲ ಶ್ರೋತೃಗಳಿಗೆ ಇಂಗ್ಲಿಷಿನಲ್ಲಿಯೇ ಉಪನ್ಯಾಸ ಮಾಡಿದನು. ಕರ್ಣಾಟಕಕ್ಕೂ ಈ ಚರಿತ್ರೆಗೂ ಒಂದು ನಂಟುಂಟು. ೧೮೩೬ ರಲ್ಲಿ ಮಂಗಳೂರಿಗೆ ಬಂದು ೧೮೪೩ ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗನು ಕೊಡಗಿನ ವೃತ್ತಾಂತವನ್ನು ೧೮೫೫ ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ೧೮೫೩ ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲನ ಮಹಾಕೋಶವು ೧೮೯೪ ರಲ್ಲಿಯೂ ಕನ್ನಡ ವ್ಯಾಕರಣವು ೧೯೦೩ ರಲ್ಲಿಯೂ ಮಂಗಳೂರಿನಿಂದ ಹೊರಬಂದುವು. ಎರಡರಲ್ಲಿಯೂ ವಿವರಣೆಯ ಭಾಷೆ ಇಂಗ್ಲಿಷು. ಮನೆಯ ಮಾತು ಜರ್ಮನು, ಸರ್ಕಾರದ ಮಾತು ಇಂಗ್ಲಿಷು, ಊರಿನ ಮಾತು ಕನ್ನಡ. ಕ್ರಿಯಾಪದವು ಮೊದಲನೆಯದರಲ್ಲಿ ಎರಡು ಕಡೆ, ಎರಡನೆಯದರಲ್ಲಿ ನಡುವೆ, ಮೂರನೆಯದರಲ್ಲಿ ಕೊನೆಯಲ್ಲಿ. ಈ ಮೂರು ಕ್ರಮಗಳ ನಡುವೆ ಅವರು ದಿನನಿತ್ಯವೂ ಓಡಾಡಿದವರು. ಕಿಟ್ಟೆಲನ ಕೋಶವನ್ನು ತೆರೆಯುವ ಕನ್ನಡಿಗನು ಕನ್ನಡದ ಅರ್ಥವನ್ನು ಅರಿಯುವುದು, ಕಲಿತ ಇಂಗ್ಲಿಷಿನಲ್ಲಿ ಜರ್ಮನನೊಬ್ಬನು ಬರೆದ ಮಾತಿನಿಂದ.

ಇವರೆಲ್ಲರೂ ವಿದ್ಯೆಗಾಗಿಯೋ ತಮ್ಮ ಕಾರ್ಯಕ್ಕಾಗಿಯೋ ಬಯಸಿ ಹೊರಟವರು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷನ್ನು ಪ್ರಾಣಭಯದಿಂದ ಕಲಿತವರೂ ಉಂಟಾದರು. ಹಿಟ್ಲರನ ಆಳ್ವಿಕೆಯಿಂದ ಪಾರಾಗಿ ಸಾವಿರಾರು ಮಂದಿ ಯೆಹೂದ್ಯರು ಬ್ರಿಟನ್ನಿಗೆ ಬಂದರು. ೧೯೩೮ ರ ಡಿಸೆಂಬರಿನಿಂದ ೧೯೩೯ ರ ಸೆಪ್ಟೆಂಬರಿನವರೆಗೆ ತಂದೆತಾಯಿಗಳನ್ನು ಬಿಟ್ಟು ಬಂದ ಮಕ್ಕಳೇ ಸುಮಾರು ಹತ್ತು ಸಾವಿರ. ನಿರಾಶ್ರಿತರಿಗೆ ನೆರವಾಗುತ್ತಿದ್ದ ಯೆಹೂದ್ಯ ಸಂಘದವರು ಅವರ ಕೈಗೆ ಒಂದು ಪುಟ್ಟ ಪುಸ್ತಕವನ್ನು ಕೊಡುತ್ತಿದ್ದರು. ಇಂಗ್ಲಿಷನ್ನು ತಡಮಾಡದೆ ಕಲಿಯಿರಿ, ಬೀದಿಯಲ್ಲಿಯೂ ಬಂಡಿಗಳಲ್ಲಿಯೂ ಜರ್ಮನನ್ನಾಡಬೇಡಿರಿ, ನಿರರ್ಗಳವಾದ ಜರ್ಮನಿಗಿಂತ ತಡವರಿಸುವ ಇಂಗ್ಲಿಷೇ ಲೇಸು ಎಂಬುದು ಅದರ ಬುದ್ಧಿವಾದದ ಸಾರ. ಯುದ್ಧವು ಬಂದಮೇಲೆ, ೧೯೪೦ ರ ಬೇಸಗೆಯಲ್ಲಿ, ಶತ್ರುದೇಶದ ಪ್ರಜೆಗಳೆಂದು ಸುಮಾರು ಇಪ್ಪತ್ತೇಳು ಸಾವಿರ ಮಂದಿಯನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಬಹುಮಂದಿ ಆ ಶತ್ರುವಿನಿಂದಲೇ ತಪ್ಪಿಸಿಕೊಂಡು ಬಂದವರು. ಇಂತಹ ಕಾಲದಲ್ಲಿ ವಾಕ್ಯದ ಕೊನೆಗೆ ಜಾರಿದ ಒಂದು ಕ್ರಿಯಾಪದವು ಬರಿಯ ನಗೆಯ ಮಾತಾಗಿ ಉಳಿಯಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನು ತಿರುಗಿ ನೋಡುವಂತೆ ಮಾಡಲು ಅಷ್ಟೇ ಸಾಕಾಗಿದ್ದಿತು.

ಯುದ್ಧವು ಮುಗಿದಮೇಲೆ ಈ ಪದಕ್ರಮದ ತೊಡಕು ಒಂದು ನ್ಯಾಯಾಲಯದಲ್ಲಿ ಇಡೀ ಲೋಕದ ಎದುರಿಗೆ ಬಂದಿತು. ೧೯೪೫ ರ ನವೆಂಬರ್ ೨೦ ರಿಂದ ೧೯೪೬ ರ ಅಕ್ಟೋಬರ್ ೧ ರವರೆಗೆ ನ್ಯೂರೆಂಬರ್ಗಿನಲ್ಲಿ ನಾತ್ಸಿ ನಾಯಕರ ವಿಚಾರಣೆಯು ಇಂಗ್ಲಿಷು, ಫ್ರೆಂಚು, ರಷ್ಯನ್, ಜರ್ಮನು ಎಂಬ ನಾಲ್ಕು ಭಾಷೆಗಳಲ್ಲಿ ನಡೆಯಿತು. ಮಾತನಾಡುತ್ತಿರುವಾಗಲೇ ಭಾಷಾಂತರವು ಕೇಳುವವರ ಕಿವಿಗೆ ತಂತಿಯ ಮೂಲಕ ಮುಟ್ಟುವ ಏರ್ಪಾಡನ್ನು ಅಲ್ಲಿ ಮಾಡಿದ್ದರು. ಜರ್ಮನಿನಿಂದ ಇಂಗ್ಲಿಷಿಗೆ ತಿರುಗಿಸುವ ದುಭಾಷಿಗೆ, ಮಾಡಿದನೋ, ನೋಡಿದನೋ, ತಡೆದನೋ ಎಂಬುದು ವಾಕ್ಯವು ಮುಗಿಯುವ ತನಕ ತಿಳಿಯದು. ಅನೇಕ ವೇಳೆ 'ಇಲ್ಲ' ಎಂಬರ್ಥದ 'ನಿಖ್ಟ್' ಎಂಬುದೂ, ಕನ್ನಡದಲ್ಲಿ ಬರುವಂತೆಯೇ, ಕೊನೆಯಲ್ಲಿ ಬರುವುದು. ಇಂಗ್ಲಿಷ್ ವಾಕ್ಯವಾದರೋ ಕ್ರಿಯೆಯಿಲ್ಲದೆ ಮುಂದಕ್ಕೆ ಸಾಗದು. ಊಹಿಸಿ ಹೇಳಿದರೆ ಸಾಕ್ಷ್ಯವೇ ತಲೆಕೆಳಗಾಗಬಹುದು. ಕಾದರೆ ಮುಂದಿನ ವಾಕ್ಯವು ಹಿಂದೆ ಬೀಳುವುದು. ಮಾತಿನ ವೇಗವನ್ನು ತಗ್ಗಿಸುವುದಕ್ಕೆ ಹಳದಿಯ ದೀಪವನ್ನೂ ನಿಲ್ಲಿಸುವುದಕ್ಕೆ ಕೆಂಪು ದೀಪವನ್ನೂ ಹೊತ್ತಿಸುತ್ತಿದ್ದರು. ಜರ್ಮನಿಯಲ್ಲಿ ಹುಟ್ಟಿ ಬೆಳೆದು ೧೯೩೭ ರಲ್ಲಿ ಇಂಗ್ಲೆಂಡಿಗೆ ಓಡಿಬಂದ ವುಲ್ಫ್ ಫ್ರಾಂಕನು ಅಲ್ಲಿನ ಮುಖ್ಯ ದುಭಾಷಿಗಳಲ್ಲಿ ಒಬ್ಬನು. ಕೊನೆಯ ದಿನ ಅಪರಾಧಿಗಳು ತಮ್ಮ ಶಿಕ್ಷೆಯನ್ನು ಜರ್ಮನಿನಲ್ಲಿ ಕೇಳಿದುದು ಅವನ ಧ್ವನಿಯಿಂದ.

ಅಂದಿನಿಂದ ಈಚೆಗೆ ಕಲಿಯುವವರ ತಪ್ಪನ್ನು ನೋಡುವ ಕಣ್ಣೇ ಬದಲಾಗಿರುವುದು. ತಾಯಿನುಡಿಗೂ ಕಲಿವ ನುಡಿಗೂ ಎಲ್ಲಿ ವ್ಯತ್ಯಾಸವುಂಟೋ ಅಲ್ಲಿ ಕಷ್ಟವುಂಟೆಂದು ರಾಬರ್ಟ್ ಲಾಡೊ ೧೯೫೭ ರಲ್ಲಿ ಪ್ರತಿಪಾದಿಸಿದನು. ೧೯೬೭ ರಲ್ಲಿ ಪಿಟ್ ಕಾರ್ಡರನು, ತಪ್ಪೆಂಬುದು ಅಳಿಸಿಹಾಕಬೇಕಾದ ಕೊಳೆಯಲ್ಲ, ಕಲಿಯುವವನ ಮನಸ್ಸಿನಲ್ಲಿ ಯಾವ ನಿಯಮವು ನಡೆಯುತ್ತಿದೆಯೆಂಬುದಕ್ಕೆ ಸಾಕ್ಷಿ ಎಂದು ವಾದಿಸಿದನು. ಜರ್ಮನರ ಇಂಗ್ಲಿಷು ಈ ಮಾತಿಗೆ ಒಳ್ಳೆಯ ನಿದರ್ಶನ. ಕೇಳಲು ಅತ್ಯಂತ ವಿಪರೀತವೆನಿಸುವ 'ಬಿಕಾಸ್ ಹೀ ಸಿಕ್ ಈಸ್' ಎಂಬ ಬಗೆಯ ತಪ್ಪು ಬೇಗನೆ ಬಿಟ್ಟುಹೋಗುವುದು. ಏಕೆಂದರೆ ಹಾಗೆ ನುಡಿಯುವ ಆಂಗ್ಲನು ಎಲ್ಲಿಯೂ ಸಿಕ್ಕನು. ಕ್ರಿಯಾಪದವನ್ನು ಎರಡನೆಯ ಸ್ಥಾನಕ್ಕೆ ತರುವ ಅಭ್ಯಾಸವು ಬಹುಕಾಲ, ಪ್ರೌಢರಲ್ಲಿಯೂ, ಉಳಿಯುವುದು. 'ನೆವರ್ ಹ್ಯಾವ್ ಐ ಸೀನ್', 'ಹಿಯರ್ ಕಮ್ಸ್ ದಿ ಕಿಂಗ್' ಎಂಬಂತಹ ವಾಕ್ಯಗಳು ಇಂಗ್ಲಿಷಿನಲ್ಲಿ ಇಂದಿಗೂ ಸಾಧು. ಇವು ಹಳೆಯ ಕ್ರಮವು ಬಿಟ್ಟುಹೋದ ಕುರುಹುಗಳು. ಅವುಗಳನ್ನು ಕೇಳಿದ ಜರ್ಮನನು ತನ್ನ ಮನೆಯ ಕಟ್ಟಳೆಯೇ ಇಲ್ಲಿಯೂ ನಡೆಯುವುದೆಂದು ನಂಬಿದರೆ ಅವನ ತಪ್ಪೇನು?

ಆದುದರಿಂದ ಪದಕ್ರಮದಲ್ಲಿ ಎಡವುವ ಜರ್ಮನನನ್ನು ಕಂಡು ಬುದ್ಧಿಯ ಮಾಂದ್ಯವನ್ನು ಆರೋಪಿಸುವುದು ನ್ಯಾಯವಲ್ಲ. ಇಂಗ್ಲಿಷು ತನ್ನ ಪ್ರತ್ಯಯಗಳನ್ನು ನೀಗಿಕೊಂಡು ಸ್ಥಾನವನ್ನು ನಂಬಿ ಬದುಕಿತು. ಜರ್ಮನು ಪ್ರತ್ಯಯಗಳಲ್ಲಿ ಕೆಲವನ್ನು ಉಳಿಸಿಕೊಂಡು ಸ್ಥಾನವನ್ನು ಬೇರೆಯ ಕೆಲಸಕ್ಕೆ ಹಚ್ಚಿತು. ಎರಡರ ನಡುವೆ ನಿಂತವನು ಎರಡರ ಚರಿತ್ರೆಯನ್ನೂ ಒಂದೇ ಉಸಿರಿನಲ್ಲಿ ನುಡಿಯುವನು. ಪೆನ್ಸಿಲ್ವೇನಿಯಾದ ಆ ಮಗನು ಆಲ್ಫ್ರೆಡ್ ದೊರೆಯ ಕಾಲದಲ್ಲಿ ಇಂಗ್ಲಿಷನ್ನಾಡಿದ್ದರೆ, 'ಥಾಮ್ ಫ್ಯಾಡೆರ್' ಎಂಬಲ್ಲಿಯ ಉಪಪದದಲ್ಲಿಯೇ 'ತಂದೆಗೆ' ಎಂಬ ಅರ್ಥವು ಅಡಗಿರುತ್ತಿದ್ದಿತು. ಮೆಟ್ಟಿಲ ಕೆಳಗಿನ ತಂದೆಗೆ ಅಪಾಯವೇನೂ ಇಲ್ಲದೆ ಅವನ ಟೋಪಿಯು ಅವನ ಕೈಸೇರುತ್ತಿದ್ದಿತು.